ಬೇಟೆಯ ಇನಾಮು

ಬೇಟೆಯ ಅನುಭವಗಳನ್ನು ಕುರಿತ ಇಂಗ್ಲೀಷು ಗ್ರಂಥಗಳನ್ನು ಓದಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಹುಲಿಯ ಉದ್ದವೆಷ್ಟು, ಕೋವಿ ಯಾವ ಅಳತೆಯದು, ಅಟ್ಟಣೆ ನೆಲದಿಂದ ಎಷ್ಟು ಅಡಿ ಎತ್ತರದಲ್ಲಿತ್ತು ಎಂಬುದೆಲ್ಲ ಅವುಗಳಲ್ಲಿ ಸವಿಸ್ತಾರವಾಗಿ ಬರುತ್ತದೆ. ಆ ಹುಲಿಯ ಹೆಜ್ಜೆಯನ್ನು ನಸುಕಿನಲ್ಲಿ ಮೊದಲು ಕಂಡು, ದೊರೆಗಳನ್ನು ಅಲ್ಲಿಗೆ ಕರೆತಂದು ಕೂರಿಸಿದ ಮನುಷ್ಯನಿಗೆ ಕೊನೆಯಲ್ಲಿ ಸಂದುದೆಷ್ಟು ಎಂಬುದು ಮಾತ್ರ ವಿರಳವಾಗಿ ಬರುತ್ತದೆ. ಬಂದರೂ, ಧಾರಾಳವಾಗಿ ಬಕ್ಷೀಸು ಕೊಟ್ಟೆವೆಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಧಾರಾಳವೆಂದರೆ ಎಷ್ಟು? ಅದು ಕೊಡಲೇಬೇಕಾದದ್ದೋ, ಮನಸ್ಸು ಬಂದರೆ ಕೊಡುವಂಥದ್ದೋ? ಪ್ರಶ್ನೆ ನೋಡುವುದಕ್ಕೆ ಚಿಕ್ಕದು. ಆದರೆ ನಮ್ಮ ದೇಶದಲ್ಲಿ ಇದನ್ನು ಕುರಿತು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಆಲೋಚನೆ ನಡೆದಿತ್ತು.

ಮೊದಲು ಶಬ್ದಗಳನ್ನು ವಿಚಾರಿಸೋಣ. ಬಕ್ಷೀಸೆಂಬುದು ಪಾರಸಿಯಿಂದ ಬಂದದ್ದು. ಅದರ ಮೂಲ ಧಾತುವಿಗೆ ಕೊಡುವುದು ಎಂಬ ಅರ್ಥವೂ ಉಂಟು, ಕ್ಷಮಿಸುವುದು ಎಂಬ ಅರ್ಥವೂ ಉಂಟು. ಕೊಡುವವನು ಮೇಲೆ, ಪಡೆಯುವವನು ಕೆಳಗೆ ಎಂಬ ಭಾವ ಶಬ್ದದ ಹುಟ್ಟಿನಲ್ಲಿಯೇ ಅಡಗಿದೆ. ಇನಾಮು ಅರಬ್ಬಿಯ ಮಾತು. ನಮ್ಮಲ್ಲಿ ಅದು ರಾಜರು ಬಿಟ್ಟ ಭೂಮಿಗೂ ಸಂದಿತು, ಜೇಬಿನ ಚಿಲ್ಲರೆಗೂ ಸಂದಿತು. ಇಂಗ್ಲೀಷಿನ ‘ಟಿಪ್’ ಎಂಬ ಮಾತಿಗೆ ಇಷ್ಟು ಗೌರವದ ಕುಲವಿಲ್ಲ. ಅದು ಮೊದಲು ಕಳ್ಳಕಾಕರ ಗುಪ್ತಭಾಷೆಯಲ್ಲಿ ‘ಕೈಗೆ ದಾಟಿಸು’ ಎಂಬ ಅರ್ಥದಲ್ಲಿ ಓಡಾಡುತ್ತಿತ್ತು. ಮೂರು ಶಬ್ದಗಳ ಮೊದಲಕ್ಷರಗಳನ್ನು ಕೂಡಿಸಿ ಅದನ್ನು ಮಾಡಿದರೆಂದು ಹೇಳುವ ಕತೆ ಈಚಿನವರ ಕಲ್ಪನೆ.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ೧೯೦೫ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ದೊರೆತು, ೧೯೦೯ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಷಯಕ್ಕೆ ಸಂಬಂಧಪಟ್ಟ ಎರಡು ವಿಧಿಗಳಿವೆ. ಊರಿಗೆ ಕ್ರೂರಮೃಗಗಳ ಭಯ ಬಂದಾಗ ಬೇಡರೂ ನಾಯಿಗಳನ್ನು ಸಾಕಿದವರೂ ಬೋನು ಗುಂಡಿಗಳನ್ನು ಹೂಡಬೇಕು. ಮೈಗೆ ಕವಚ ತೊಟ್ಟವರು ಆಯುಧ ಹಿಡಿದು ಮೃಗವನ್ನು ಕೊಲ್ಲಬೇಕು. ನೆರವಿಗೆ ಹೋಗದವನಿಗೆ ಹನ್ನೆರಡು ಪಣ ದಂಡ; ಮೃಗವನ್ನು ಕೊಂದವನಿಗೆ ಅದೇ ಹನ್ನೆರಡು ಪಣ ಲಾಭ. ಹೇಡಿತನಕ್ಕೂ ಸಾಹಸಕ್ಕೂ ಒಂದೇ ತಕ್ಕಡಿಯನ್ನು ಹಿಡಿದ ಈ ಲೆಕ್ಕ ಬಹಳ ಸೊಗಸಾಗಿದೆ. ಅದೇ ಗ್ರಂಥದಲ್ಲಿ ಅತಿ ಕೆಳಗಿನ ಪರಿಚಾರಕರಿಗೆ ಅರುವತ್ತು ಪಣ ವೇತನವೆಂದು ಹೇಳಿದೆ. ಅದು ವರ್ಷದ ವೇತನವೆಂದು ವಿದ್ವಾಂಸರು ಸಾಮಾನ್ಯವಾಗಿ ತಿಳಿಯುತ್ತಾರೆ. ಹಾಗಾದರೆ ಒಂದು ಮೃಗಕ್ಕೆ ದೊರೆಯುತ್ತಿದ್ದುದು ಬಡ ಆಳಿನ ವರ್ಷದ ಸಂಬಳದಲ್ಲಿ ಐದನೆಯ ಒಂದು ಭಾಗ. ಇದು ಚಿಲ್ಲರೆ ಕಾಸಲ್ಲ. ಮೇಲಾಗಿ, ಒಬ್ಬ ದೊಡ್ಡವನ ಮುಖ ಅರಳಿದೆಯೋ ಬಾಡಿದೆಯೋ ಎಂದು ನೋಡಿಕೊಂಡು ಪಡೆಯಬೇಕಾದದ್ದೂ ಅಲ್ಲ.

ಎರಡನೆಯ ವಿಧಿ ಆನೆಯದು. ಆನೆಯನ್ನು ಕೊಂದವನಿಗೆ ಮರಣದಂಡನೆ. ಆದರೆ ತಾನಾಗಿ ಸತ್ತ ಆನೆಯ ಜೋಡಿ ದಂತವನ್ನು ತಂದೊಪ್ಪಿಸಿದವನಿಗೆ ನಾಲ್ಕೂಕಾಲು ಪಣ. ದಂತಕ್ಕೆ ಬಹುಮಾನವನ್ನೇ ಇಡದಿದ್ದರೆ ಅದು ಕಾಡಿನಿಂದ ಗುಟ್ಟಾಗಿ ಹೊರಗೆ ಸಾಗುತ್ತದೆ. ಅಳತೆಮೀರಿ ಇಟ್ಟರೆ ಆನೆಗಳು ‘ತಾವಾಗಿ’ ಸಾಯುವುದು ಹೆಚ್ಚುತ್ತದೆ. ಬಹುಮಾನವು ಪಡೆಯುವವನ ನಡತೆಯನ್ನು ತಿದ್ದಲೂಬಹುದು, ಕೆಡಿಸಲೂಬಹುದು ಎಂಬುದನ್ನು ಕೌಟಿಲ್ಯನು ಬಲ್ಲನೆಂದು ನಮಗೆ ತೋರುತ್ತದೆ. ಮುಂದೆ ಬಂದ ಸರ್ಕಾರಗಳು ಇದನ್ನು ಮರೆತವು.

ಇನ್ನು ನಮ್ಮ ಕನ್ನಡ ನಾಡಿಗೆ ಬರೋಣ. ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಒಂದು ಶಿಲಾಶಾಸನವನ್ನು ಶ್ರೋತೃಗಳಲ್ಲಿ ಹಲವರು ನೋಡಿರಬಹುದು. ಅದರ ಕಾಲ ಶಕ ೮೭೨, ಎಂದರೆ ಕ್ರಿ. ಶ. ೯೪೯–೫೦. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನೂ ಅವನ ಪಕ್ಷದ ಗಂಗದೊರೆ ಬೂತುಗನೂ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ವಿಷಯ ಅದರಲ್ಲಿ ಬರುವುದರಿಂದ ಚರಿತ್ರಕಾರರಿಗೆ ಅದು ಅಮೂಲ್ಯವಾದದ್ದು. ನಮಗೆ ಈಗ ಬೇಕಾದ್ದು ಅದರ ಉಳಿದ ಭಾಗ. ಆ ಕಾಳೆಗದಲ್ಲಿ ಮಣಲೆರನೆಂಬ ವೀರ ಪರಾಕ್ರಮ ತೋರಿದ. ಪ್ರಭು ಮೆಚ್ಚಿ, ಬೇಕಾದ್ದನ್ನು ಬೇಡಿಕೋ ಎಂದ. ಮಣಲೆರನು ಬೇಡಿದ್ದು ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು! ಆತಕೂರು ಹನ್ನೆರಡು ಎಂಬ ಹಳ್ಳಿಗಳ ಸಮೂಹವೂ ಅವನಿಗೆ ಬಾಳ್ಗಚ್ಚಾಗಿ ಬಂದಿತು. ಬಾಳ್ಗಚ್ಚು ಎಂದರೆ ಕತ್ತಿಯನ್ನು ತೊಳೆದುದಕ್ಕಾಗಿ ಕೊಡುವ ದತ್ತಿ. ಯುದ್ಧ ಮುಗಿದ ಮೇಲೆ ರಕ್ತ ತೊಳೆದ ಕತ್ತಿಗೆ ಸಲ್ಲುವ ಮರ್ಯಾದೆ.

ಆಮೇಲೆ ಬೆಳತೂರಿನ ಬೆಟ್ಟದ ಪಡುವಣ ದಿಕ್ಕಿನಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ನಾಯಿಯೂ ಹಂದಿಯೂ ಹೋರಾಡಿ ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿದರು. ನಾಯಿ ಹಂದಿಗಳ ಕಾದಾಟವನ್ನು ಅದರ ಮೇಲೆ ಕಂಡರಿಸಿದ್ದಾರೆ. ಕಲ್ಲಿನ ಪೂಜೆಗಾಗಿ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಗೊರವನು ಉಂಡರೆ ನಾಯಿ ಮಾಡಿದ ಪಾಪವೆಲ್ಲ ಅವನಿಗೆ ತಟ್ಟಲಿ ಎಂಬ ಶಾಪವೂ ಉಂಟು.

ಇದಕ್ಕಿಂತ ದೊಡ್ಡ ಬೇಟೆಯ ಇನಾಮನ್ನು ನಾವು ಕಾಣೆವು. ಸಾವಿರ ವರ್ಷ ಕಳೆದರೂ ಕಾಳಿಯ ಹೆಸರು ಅಳಿದಿಲ್ಲ. ಆದರೆ ಈ ಶಾಸನವನ್ನು ಓದುವಾಗಲೆಲ್ಲ ನಮಗೆ ಒಂದು ಯೋಚನೆ ಬರುತ್ತದೆ. ಬೆಟ್ಟದ ಆ ಮಗ್ಗುಲಲ್ಲಿ ಹಂದಿಯಿದೆಯೆಂದು ತಿಳಿದು ಬಂದವನು ಯಾರು? ನೆಲ ಕೆದಕಿದ ಗುರುತನ್ನು ಕಂಡು ನಾಯಿಯ ಹಗ್ಗವನ್ನು ಹಿಡಿದು ಮುಂದೆ ನಡೆದವನು ಯಾರು? ಅಂಥವನೊಬ್ಬನಿರದೆ ಬೇಟೆ ನಡೆಯದು. ಕಲ್ಲಿನಲ್ಲಿ ಅವನ ಸುದ್ದಿಯಿಲ್ಲ. ನಾಯಿ ಪ್ರಾಣ ಕೊಟ್ಟಿತು, ಆದ್ದರಿಂದ ಅದಕ್ಕೆ ಕಲ್ಲು ಸಂದಿತು ಎಂದು ಸಮಾಧಾನ ಹೇಳಬಹುದು. ಅದು ಪೂರ್ತಿ ಸಮಾಧಾನವಲ್ಲ.

ಎಂಟು ಒಂಬತ್ತು ಶತಮಾನಗಳನ್ನು ದಾಟಿ ಇಂಗ್ಲೆಂಡಿಗೆ ಒಮ್ಮೆ ಹೋಗಿಬರಬೇಕು. ಏಕೆಂದರೆ ನಮ್ಮ ಕಾಡುಗಳಿಗೆ ಕೋವಿ ಹಿಡಿದು ಬಂದ ದೊರೆಗಳು ಕೊಡುವ ಅಭ್ಯಾಸವನ್ನು ಅಲ್ಲಿಂದಲೇ ತಂದವರು. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿನ ದೊಡ್ಡ ಮನೆಗಳಿಗೆ ಊಟಕ್ಕೆ ಹೋದ ಅತಿಥಿ ಹೊರಡುವಾಗ ಸಾಲಾಗಿ ನಿಂತ ಆಳುಗಳಿಗೆಲ್ಲ ಕಾಣಿಕೆ ಹಾಕುತ್ತ ಹೋಗಬೇಕಾಗಿತ್ತು. ಇದಕ್ಕೆ ‘ವೇಲ್ಸ್’ ಎಂದು ಹೆಸರು. ೧೭೬೦ರ ಸುಮಾರಿಗೆ ಜೋನಸ್ ಹ್ಯಾನ್ವೇ ಎಂಬ ಮಹನೀಯನು ಇದರ ವಿರುದ್ಧವಾಗಿ ಬರೆದ. ಯಜಮಾನರು ತಾವು ಕೊಡಬೇಕಾದ ಸಂಬಳವನ್ನು ಅತಿಥಿಗಳ ಜೇಬಿನಿಂದ ಕೊಡಿಸುತ್ತಿದ್ದಾರಲ್ಲವೆ ಎಂಬುದೇ ಈ ಜಗಳದ ತಿರುಳು. ಊಟದ ಮನೆಯಲ್ಲಿ ಪದ್ಧತಿ ಕ್ರಮೇಣ ಸಡಿಲವಾಯಿತು; ಬೇಟೆಯ ತೋಪಿನಲ್ಲಿ ಸಡಿಲವಾಗಲಿಲ್ಲ. ಫೆಸಂಟ್ ಹಕ್ಕಿಗಳನ್ನು ಸಾಕಿ, ಬೇಟೆಯ ದಿನ ಅತಿಥಿಗಳ ತಲೆಯ ಮೇಲೆ ಹಾರಿಸುವ ‘ಗೇಮ್‌ಕೀಪರ್’ ಎಂಬ ಕಾವಲುಗಾರನಿಗೆ, ದಿನದ ಕೊನೆಯಲ್ಲಿ ಕೈಕುಲುಕುವ ನೆವದಲ್ಲಿ ಮಡಿಸಿದ ನೋಟನ್ನು ದಾಟಿಸುವುದು ಇಂದಿಗೂ ಅಲ್ಲಿಯ ಮರ್ಯಾದೆ. ಮೊತ್ತವನ್ನು ಬಿದ್ದ ಹಕ್ಕಿಗಳ ಸಂಖ್ಯೆ ನೋಡಿ ನಿಶ್ಚಯಿಸುವುದೂ ರೂಢಿ.

ಆ ಕಾವಲುಗಾರನಿಗೆ ಮನೆಯುಂಟು, ಸಂಬಳವುಂಟು. ನೋಟು ಅದರ ಮೇಲಿನದು. ಇದೇ ಪದ್ಧತಿ ಹಿಂದೂದೇಶದ ಕಾಡಿಗೆ ಬಂದಾಗ ಕೆಳಗಿನ ಸಂಬಳ ಬಹಳ ಕಡೆ ಮಾಯವಾಯಿತು, ಮೇಲಿನ ಬಕ್ಷೀಸು ಮಾತ್ರ ಉಳಿಯಿತು. ಕುಮಾವೂ ಬೆಟ್ಟಗಳಲ್ಲಿ ಸಂಚಾರಕ್ಕೂ ಶಿಕಾರಿಗೂ ಬಂದ ಅಧಿಕಾರಿಗಳ ಸಾಮಾನನ್ನು ಹಳ್ಳಿಯವರು ಸರದಿಯಂತೆ ಹೊರಲೇಬೇಕಾಗಿತ್ತು. ಹೊತ್ತವರ ಹೆಸರಿಗೆ ರಿಜಿಸ್ಟರುಗಳಿದ್ದವು, ಕೂಲಿಗೆ ಮಾತ್ರ ಭರವಸೆಯಿರಲಿಲ್ಲ. ಅಲ್ಲಿ ಅದಕ್ಕೆ ಕುಲೀ ಬೇಗಾರ್ ಎಂದು ಹೆಸರು; ನಮ್ಮ ಮಾತಿನಲ್ಲಿ ಬಿಟ್ಟಿ. ಬಿಟ್ಟಿಯೆಂಬುದು ಸಂಸ್ಕೃತದ ವಿಷ್ಟಿಯಿಂದ ಬಂದದ್ದು. ಕೌಟಿಲ್ಯನಿಗೂ ಪರಿಚಿತವಾದ ಪದ. ಬಿಟ್ಟಿಯ ಆಳಿಗೆ ಸಂಜೆ ಎರಡಾಣೆ ಎಸೆದವನು ತನ್ನನ್ನು ಉದಾರಿಯೆಂದುಕೊಂಡರೆ ಅದು ಔದಾರ್ಯವೆ? ೧೯೨೧ರ ಜನವರಿ ೧೪ರಂದು ಬಾಗೇಶ್ವರದ ಉತ್ತರಾಯಣದ ಜಾತ್ರೆಯಲ್ಲಿ, ಬದರೀದತ್ತ ಪಾಂಡೆ ಮೊದಲಾದವರ ಮುಂದಾಳುತನದಲ್ಲಿ, ಜನರು ಆ ರಿಜಿಸ್ಟರುಗಳನ್ನು ಸರಯೂ ನದಿಗೆ ಎಸೆದರು. ಪದ್ಧತಿ ಅಲ್ಲಿಗೆ ಮುರಿಯಿತು.

ಬಕ್ಷೀಸು ಸತ್ತ ಮೃಗಕ್ಕೆ ಗಂಟುಬಿದ್ದಾಗ ಇನ್ನೊಂದು ಕೇಡು. ಹುಲಿಯನ್ನು ಅಳೆಯುವುದಕ್ಕೆ ಎರಡು ಕ್ರಮಗಳಿದ್ದವು: ಮೂಗಿಗೂ ಬಾಲಕ್ಕೂ ಎರಡು ಗೂಟ ನೆಟ್ಟು ನಡುವಿನ ದೂರವನ್ನು ಅಳೆಯುವುದು ಒಂದು, ಬೆನ್ನಿನ ಉಬ್ಬುತಗ್ಗುಗಳ ಮೇಲೆ ಪಟ್ಟಿಯನ್ನು ಹಾಸುವುದು ಇನ್ನೊಂದು. ಎರಡನೆಯದರಲ್ಲಿ ಹುಲಿ ಕೆಲವು ಅಂಗುಲ ಬೆಳೆಯುತ್ತದೆ. ವೈಸರಾಯರಿಗೆಂದೇ ಅಡಿಗೆ ಹನ್ನೊಂದು ಅಂಗುಲದ ಪಟ್ಟಿ ಇರುತ್ತಿತ್ತೆಂಬ ನಗೆಮಾತೂ ಉಂಟು. ಅಷ್ಟು ನಕ್ಕು ಬಿಡಬಹುದು. ಆದರೆ ಸರ್ಕಾರ ತಲೆಗೆ ಇಷ್ಟೆಂದು ಕಟ್ಟಿದ ಬಹುಮಾನಗಳ ಫಲ ನಗುವಂಥದಲ್ಲ. ೧೮೭೫ರಿಂದ ೧೯೨೫ರವರೆಗಿನ ಐವತ್ತು ವರ್ಷಗಳಲ್ಲಿ ಎಂಬತ್ತು ಸಾವಿರಕ್ಕೆ ಮೀರಿ ಹುಲಿಗಳೂ, ಒಂದೂವರೆ ಲಕ್ಷಕ್ಕೆ ಮೀರಿ ಚಿರತೆಗಳೂ, ಎರಡು ಲಕ್ಷ ತೋಳಗಳೂ ಬಹುಮಾನಕ್ಕಾಗಿ ಸತ್ತವೆಂದು ಇತಿಹಾಸಕಾರ ಮಹೇಶ್ ರಂಗರಾಜನ್ ಅವರು ಲೆಕ್ಕ ಹಾಕಿದ್ದಾರೆ. ಕೌಟಿಲ್ಯನ ಹನ್ನೆರಡು ಪಣ ಊರಿಗೆ ಭಯ ಬಂದಾಗಿನ ಮಾತು. ಇದು ಭಯವಿಲ್ಲದ ಊರಿನಲ್ಲೂ ನಡೆದ ವ್ಯಾಪಾರ.

ಈ ಕೇಡನ್ನು ಚೆನ್ನಾಗಿ ಬಲ್ಲವನು ಜಿಮ್ ಕಾರ್ಬೆಟ್. ನಾನೂರ ಮೂವತ್ತಾರು ಮಂದಿಯನ್ನು ತಿಂದಿತ್ತೆಂದು ಹೇಳುವ ಚಂಪಾವತದ ಹೆಣ್ಣುಹುಲಿಯನ್ನು ೧೯೦೭ರಲ್ಲಿ ಬೇಟೆಯಾಡಲು ಒಪ್ಪಿದಾಗ ಅವನು ಎರಡು ಷರತ್ತುಗಳನ್ನು ಹಾಕಿದ: ಸರ್ಕಾರ ಸಾರಿದ್ದ ಬಹುಮಾನವನ್ನು ರದ್ದು ಮಾಡಬೇಕು, ಇತರ ಬೇಟೆಗಾರರನ್ನು ಕಾಡಿನಿಂದ ಹಿಂದಕ್ಕೆ ಕರೆಸಬೇಕು. ಬಹುಮಾನದ ಬೇಟೆಗಾರನೆನ್ನಿಸಿಕೊಳ್ಳಲು ಅವನಿಗೆ ಇಷ್ಟವಿರಲಿಲ್ಲ. ಇನ್ನೊಬ್ಬನ ಗುಂಡು ತನಗೆ ತಗುಲೀತೆಂಬ ಎಚ್ಚರವೂ ಇತ್ತು. ಕೊನೆಯ ದಿನ ಚಂಪಾವತದ ತಹಶೀಲ್ದಾರನು ಸುತ್ತಣ ಹಳ್ಳಿಗಳಿಂದ ಇನ್ನೂರ ತೊಂಬತ್ತೆಂಟು ಜನರನ್ನು ಸೋಹಿಗಾಗಿ, ಎಂದರೆ ಗದ್ದಲವೆಬ್ಬಿಸಿ ಮೃಗವನ್ನು ಅಟ್ಟುವುದಕ್ಕಾಗಿ, ಕೂಡಿಸಿದ. ಅವರನ್ನು ಕರೆಸಲು ಅವನು ಹೂಡಿದ ಉಪಾಯ ಸ್ವಾರಸ್ಯವಾದದ್ದು: ಲೈಸೆನ್ಸಿಲ್ಲದ ಕೋವಿಗಳನ್ನು ತಂದರೂ ತಾನು ಕಂಡೂ ಕಾಣದಂತಿರುವೆನೆಂದ, ಮದ್ದು ಗುಂಡನ್ನೂ ಒದಗಿಸುವೆನೆಂದ. ಹುಲಿ ಸತ್ತಿತು. ಮರುವರ್ಷ ನೈನಿತಾಲಿನ ದರ್ಬಾರಿನಲ್ಲಿ ಲೆಫ್ಟೆನೆಂಟ್ ಗವರ್ನರ್ ಸರ್ ಜಾನ್ ಹ್ಯೂಯೆಟ್ಟರು ತಹಶೀಲ್ದಾರನಿಗೆ ಒಂದು ಕೋವಿಯನ್ನೂ, ಕಾರ್ಬೆಟ್ಟನ ಜೊತೆಯಲ್ಲಿದ್ದ ಹಳ್ಳಿಗನೊಬ್ಬನಿಗೆ ಬೇಟೆಯ ಚೂರಿಯನ್ನೂ ಕೊಟ್ಟರು. ಎರಡರ ಮೇಲೂ ಬರಹ ಕೆತ್ತಿಸಿದ್ದರು. ಮಕ್ಕಳು ಮೊಮ್ಮಕ್ಕಳವರೆಗೆ ಮನೆಯಲ್ಲಿ ಉಳಿಯತಕ್ಕ ವಸ್ತುಗಳು. ಆ ಹಳ್ಳಿಗನಿಗೆ ಐವತ್ತು ರೂಪಾಯಿ ಕೊಟ್ಟಿದ್ದರೆ ಒಂದು ಎತ್ತು ಬರುತ್ತಿತ್ತೋ ಏನೋ. ಚೂರಿಯಿಂದ ಬಂದದ್ದು ಊರಿನಲ್ಲಿ ಒಂದು ಸ್ಥಾನ. ಯಾವುದು ಮೇಲೆಂದು ಅವನೇ ಹೇಳಬೇಕು. ಆದರೂ ಕಾರ್ಬೆಟ್ಟನ ಗ್ರಂಥದಲ್ಲಿ ತಹಶೀಲ್ದಾರನು ತಹಶೀಲ್ದಾರನಾಗಿಯೇ, ಹಳ್ಳಿಗನು ಹಳ್ಳಿಗನಾಗಿಯೇ ಉಳಿದರು. ಆತಕೂರಿನ ನಾಯಿಗೆ ಈ ವಿಷಯದಲ್ಲಿ ಅದೃಷ್ಟ ಹೆಚ್ಚು.

ನಮ್ಮ ಕಾಕನಕೋಟೆಯ ಕಾಡಿನಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ಹೆಜ್ಜೆ ಹಿಡಿದು ಆನೆಗಳ ಸುಳಿವನ್ನು ತರದೆ ಯಾವ ಖೆಡ್ಡಾವೂ ನಡೆದಿಲ್ಲ. ಖೆಡ್ಡಾ ನೋಡಲು ಬಂದ ರಾಜಕುಮಾರರ ಹೆಸರುಗಳೆಲ್ಲ ನಮಗೆ ಬಾಯಿಪಾಠ. ಕೊನೆಯ ಖೆಡ್ಡಾ ೧೯೭೧ರಲ್ಲಿ ಮುಗಿಯಿತು. ೧೯೭೨ರ ವನ್ಯಜೀವಿ ಸಂರಕ್ಷಣೆಯ ಕಾನೂನಿನಿಂದ ಬೇಟೆಯ ವಿನೋದವೇ ನಮ್ಮ ದೇಶದಲ್ಲಿ ನಿಂತಿತು. ಬೇಟೆ ಇನ್ನೂ ನಡೆಯುವ ಅಮೆರಿಕಾ ದೇಶದಲ್ಲಿ, ಮಾರ್ಗದರ್ಶಿಗೆ ಒಟ್ಟು ಖರ್ಚಿನ ನೂರಕ್ಕೆ ಹತ್ತರಿಂದ ಇಪ್ಪತ್ತರವರೆಗೆ ಕೊಡುವುದು ವಾಡಿಕೆ; ಮೃಗ ದೊರೆಯದ ದಿನವೂ ಕೊಡಬೇಕೆಂದು ಅಲ್ಲಿನ ತಿಳಿದವರು ಹೇಳುತ್ತಾರೆ. ಈ ಮಾತು ನಮಗೆ ಒಪ್ಪಿಗೆ. ಕಾಡಿನಲ್ಲಿ ಕರೆದೊಯ್ದವನ ಶ್ರಮಕ್ಕೂ ಮೃಗದ ಇಷ್ಟಾನಿಷ್ಟಕ್ಕೂ ಸಂಬಂಧವೇನು?

ಬಂಡೀಪುರ ನಾಗರಹೊಳೆಗಳಿಗೆ ಹೋಗುವ ಇಂದಿನ ನಾವು ಕೋವಿ ಹಿಡಿಯದೆ ಕ್ಯಾಮೆರಾ ಹಿಡಿದಿದ್ದೇವೆ, ಅಷ್ಟೆ. ಹುಲಿ ಕಂಡ ಸಂಜೆ ಜೀಪಿನವನ ಕೈಗೆ ಐನೂರರ ನೋಟು, ಜಿಂಕೆ ಮಾತ್ರ ಕಂಡ ಸಂಜೆ ಬರಿಯ ನಮಸ್ಕಾರ. ಆದ್ದರಿಂದಲೇ ಒಂದು ಹುಲಿ ದಾರಿ ದಾಟುತ್ತದೆಂಬ ಸುದ್ದಿ ಹಬ್ಬಿದೊಡನೆ ಹತ್ತು ಜೀಪುಗಳು ಅದರ ಮುಂದೂ ಹಿಂದೂ ನುಗ್ಗಿ ನಿಲ್ಲುತ್ತವೆ. ನುಗ್ಗಿಸಿದವನನ್ನು ನಾವು ಬಯ್ಯುತ್ತೇವೆ. ಅವನಿಗೆ ತಿಂಗಳಿಗೆ ಎಷ್ಟು ಸಂಬಳವೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿಯೋ ತಿಳಿಯದು. ಮುಂದಿನ ಸಲ ಹೋದಾಗ ಕೇಳಬಹುದು. ಕೊಡುವ ಮೊತ್ತವನ್ನು ಕಾಡಿಗೆ ಹೊರಡುವ ಮುಂಚೆಯೇ ಮನಸ್ಸಿನಲ್ಲಿ ನಿಶ್ಚಯಿಸಿ, ಹುಲಿ ಬಂದರೂ ಬಾರದಿದ್ದರೂ ಅದನ್ನೇ ಕೊಡಬಹುದು. ಕೊಡುವಾಗ ಅವನ ಹೆಸರನ್ನೂ ವಿಚಾರಿಸಬಹುದು.