ಗಣಕ ಆಸ್ತಿಗಳ ವಿಂಗಡಣೆ: ಬಂದ ದಾರಿ, ಬಾಕಿ ಉಳಿದ ಕೆಲಸ

‘ಇನ್ನು ವಿಂಗಡಣೆಯ ತಲೆನೋವೇ ಬೇಡ ಸಾರ್, ನಮ್ಮ ಟೂಲ್ ನಿಮ್ಮ ನೆಟ್‌ವರ್ಕ್ ಜಾಲಾಡಿ ಪಟ್ಟಿ ಮಾಡುತ್ತದೆ, ಎಐ ತಾನೇ ಕೆಟಗರಿಗೆ ಹಾಕುತ್ತದೆ.’ ಆಸ್ತಿ ನಿರ್ವಹಣೆಯ ಸಾಫ್ಟ್‌ವೇರ್ ಮಾರಲು ಬರುವವರು ಈಗ ಮಾತು ಶುರು ಮಾಡುವುದೇ ಹೀಗೆ. ಮೊದಲರ್ಧ ನಿಜ. ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ಅದರೊಳಗಿನ ಸಾಫ್ಟ್‌ವೇರ್ ಎಲ್ಲವನ್ನೂ ಟೂಲ್ ಹೆಕ್ಕಿ ತರುತ್ತದೆ. ಆದರೆ ಆ ಯಂತ್ರ ಕೆಟ್ಟರೆ ಯಾರು ಹೊಣೆ, ಎಷ್ಟು ವರ್ಷ ಬಳಸಿ ತೆಗೆಯಬೇಕು, ನೌಕರ ಕೆಲಸ ಬಿಟ್ಟಾಗ ವಾಪಸ್ ಪಡೆಯಬೇಕೇ ಎಂಬುದನ್ನು ಅದು ಎಲ್ಲಿಂದ ತರಬೇಕು? ವರ್ಗ ಇರುವುದೇ ಈ ತೀರ್ಮಾನಗಳಿಗಾಗಿ. ಇದನ್ನು ಕಲಿಯಲು ಈ ಕ್ಷೇತ್ರಕ್ಕೆ ದಶಕಗಳು ಹಿಡಿದವು.

ಮೊದಲು ಇದ್ದದ್ದು ಸ್ಟಾಕ್ ರಿಜಿಸ್ಟರ್. ಬಾಳಿಕೆ ಬರುವ ಸಾಮಾನಿಗೆ ಒಂದು ಪುಸ್ತಕ, ಖರ್ಚಾಗುವುದಕ್ಕೆ ಇನ್ನೊಂದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲೂ ಸ್ಥಿರಾಸ್ತಿಗೆ 22ನೇ ನಮೂನೆ, ಖರ್ಚಾಗುವ ಸಾಮಾನಿಗೆ 23ನೇ ನಮೂನೆ ಎಂದು ಆ ಗೆರೆ ಹಾಗೇ ಇದೆ. ಅದನ್ನು ಹಳೆಯ ಪದ್ಧತಿ ಎಂದು ನಗುವವರು ವರ್ಷಕ್ಕೊಮ್ಮೆಯಾದರೂ ಸ್ಥಿರಾಸ್ತಿಯನ್ನು ಕಣ್ಣಾರೆ ಕಂಡು ತಾಳೆ ನೋಡಬೇಕೆಂಬ ಅದರ ಷರತ್ತನ್ನು ಪಾಲಿಸಿ ತೋರಿಸಲಿ. ಸಾಫ್ಟ್‌ವೇರ್ ಆ ಪುಸ್ತಕಗಳಲ್ಲಿ ಇರಲಿಲ್ಲ. 1969ರಲ್ಲಿ ಐಬಿಎಂ ಅದಕ್ಕೆ ಪ್ರತ್ಯೇಕ ಬೆಲೆ ಕಟ್ಟುವುದಾಗಿ ಘೋಷಿಸುವವರೆಗೆ ಅದು ಬಹುಮಟ್ಟಿಗೆ ಯಂತ್ರದ ಜೊತೆಗೇ ಬರುತ್ತಿತ್ತು. ಬೆಲೆ ಬಂದ ಮೇಲೆ ಎಣಿಕೆಯೂ ಬಂತು.

1980ರ ದಶಕದ ಕೊನೆಗೆ ಬ್ರಿಟನ್ ಸರ್ಕಾರದ ಸಂಸ್ಥೆಯೊಂದು ಐಟಿ ಸೇವೆಗಳ ನಿರ್ವಹಣೆಗೆ ಐಟಿಲ್ ಎಂಬ ಕೈಪಿಡಿಗಳನ್ನು ಹೊರತಂದಿತು. ಯಾವುದು ಯಾವುದನ್ನು ಅವಲಂಬಿಸಿದೆ ಎಂದು ಬರೆದಿಡುವ ಸಿಎಂಡಿಬಿ ಎಂಬ ಕಲ್ಪನೆ ಬೆಳೆದದ್ದು ಈ ಪರಂಪರೆಯಲ್ಲಿ. ಕಲ್ಪನೆ ಒಳ್ಳೆಯದೇ, ಆದರೆ ಎಲ್ಲವನ್ನೂ ಅದರೊಳಗೆ ತುರುಕಲು ಹೋಗಿ ಅರ್ಧಕ್ಕೆ ನಿಂತ ಯೋಜನೆಗಳನ್ನು ನಮ್ಮಲ್ಲಿ ಯಾರು ನೋಡಿಲ್ಲ? ಇಂಥ ಉಪದೇಶಗಳಿಗಿಂತ 2000ನೇ ಇಸವಿ ಬಂದರೆ ಕಂಪ್ಯೂಟರುಗಳು ದಿನಾಂಕ ತಪ್ಪುತ್ತವೆ ಎಂಬ ವೈಟುಕೆ ಗಾಬರಿಯೇ ಹೆಚ್ಚು ಕೆಲಸ ಮಾಡಿತು. ತಮ್ಮಲ್ಲಿ ಯಾವ ಯಂತ್ರ, ಯಾವ ಪ್ರೋಗ್ರಾಂ ಇದೆಯೆಂದು ಅನೇಕ ಕಂಪನಿಗಳು ಮೊದಲ ಸಲ ಪಟ್ಟಿ ಮಾಡಿದ್ದು ಆಗ. 2006ರಲ್ಲಿ ಸಾಫ್ಟ್‌ವೇರ್ ಆಸ್ತಿಗೆಂದೇ ಐಎಸ್‌ಒ 19770 ಮಾನಕ ಬಂತು. ಅದರ ಎರಡನೇ ಭಾಗ ಪ್ರತಿ ಸಾಫ್ಟ್‌ವೇರಿಗೂ ಗುರುತಿನ ಟ್ಯಾಗ್ ಇರಲಿ ಎಂದಿತು. ತಯಾರಕರೆಲ್ಲರೂ ಹಾಕಲಿಲ್ಲ, ಇವತ್ತಿಗೂ ಹಾಕುತ್ತಿಲ್ಲ.

ನಮ್ಮ ತಲೆಮಾರು ಕೆಲಸ ಕಲಿತದ್ದು ಮುಕ್ತ ತಂತ್ರಾಂಶಗಳ ಜೊತೆ. ಫ್ರಾನ್ಸಿನ ಜಿಎಲ್‌ಪಿಐ 2003ರಲ್ಲಿ ಬಂತು. ಕಂಪ್ಯೂಟರ್, ಮಾನಿಟರ್, ಪ್ರಿಂಟರ್, ನೆಟ್‌ವರ್ಕ್ ಸಾಧನ, ಕಾರ್ಟ್ರಿಜ್ ಹೀಗೆ ಒಂದೊಂದಕ್ಕೂ ಅದರಲ್ಲಿ ಬೇರೆ ಮನೆ. ಒಂದೇ ಸಾಫ್ಟ್‌ವೇರಿನ ಆವೃತ್ತಿ, ಅದನ್ನು ಹಾಕಿರುವ ಯಂತ್ರಗಳು, ಕೊಂಡಿರುವ ಲೈಸೆನ್ಸ್ ಈ ಮೂರನ್ನೂ ಅದು ಬೇರೆ ಬೇರೆ ಇಡುತ್ತದೆ. ಕೊಂಡಿದ್ದೆಷ್ಟು, ಬಳಸುತ್ತಿರುವುದೆಷ್ಟು ಎಂಬ ಲೆಕ್ಕ ಸಿಗುವುದು ಅದರಿಂದಲೇ.

ಆಮೇಲೆ ಬಂದ ಸ್ನೈಪ್-ಐಟಿ ಇನ್ನೂ ಸರಳ. ಹೊಸ ಕೆಟಗರಿ ಮಾಡುವಾಗ ಅದು ಮೊದಲು ಬಗೆ ಕೇಳುತ್ತದೆ: ಆಸ್ತಿ, ಪರಿಕರ, ಬಿಡಿಭಾಗ, ಖರ್ಚಾಗುವುದು, ಲೈಸೆನ್ಸ್ ಎಂದು ಐದು. ಲ್ಯಾಪ್‌ಟಾಪ್ ಆಸ್ತಿ: ಒಂದೊಂದಕ್ಕೂ ಟ್ಯಾಗ್ ನಂಬರ್ ಇರುತ್ತದೆ. ಮೌಸ್ ಪರಿಕರ: ಟ್ಯಾಗ್ ಇಲ್ಲ, ಎಣಿಕೆ ಮಾತ್ರ, ಆದರೆ ಕೊಟ್ಟವರಿಂದ ವಾಪಸ್ ಪಡೆಯಬಹುದು. ಟೋನರ್ ಖರ್ಚಾಗುವುದು: ಕೊಟ್ಟರೆ ಮುಗಿಯಿತು, ವಾಪಸ್ ಪಡೆಯುವ ದಾರಿಯೇ ಅದರಲ್ಲಿ ಇಲ್ಲ. ಮೆಮೊರಿ ಚಿಪ್ ಬಿಡಿಭಾಗ: ಅದನ್ನು ಕೊಡುವುದು ಯಂತ್ರಕ್ಕೆ. ಲೈಸೆನ್ಸಿಗೆ ಸೀಟುಗಳ ಲೆಕ್ಕ. ವಸ್ತು ಏನು ಎನ್ನುವುದಕ್ಕಿಂತ ಅದನ್ನು ಕೊಡುವ, ಮರಳಿ ಪಡೆಯುವ ರೀತಿ ಏನು ಎಂದು ನೋಡಿ ಮಾಡಿದ ವಿಂಗಡಣೆ ಇದು. ದುಬಾರಿ ಪ್ಯಾಕೇಜುಗಳ ನೂರಾರು ಕೆಟಗರಿಗಳಿಗಿಂತ ಈ ಐದು ಹೆಚ್ಚು ಯೋಚಿಸಿ ಮಾಡಿದವು ಎಂದು ನನ್ನ ಅಭಿಪ್ರಾಯ.

ಲೆಕ್ಕಪತ್ರದವರ ವಿಂಗಡಣೆ ಬೇರೆ. ಕಂಪನಿ ಕಾಯ್ದೆ 2013ರ ಎರಡನೇ ಅನುಸೂಚಿಯಲ್ಲಿ ಲ್ಯಾಪ್‌ಟಾಪಿನಂಥ ಸಾಧನಕ್ಕೆ 3 ವರ್ಷ ಆಯುಸ್ಸು, ಸರ್ವರ್ ಮತ್ತು ನೆಟ್‌ವರ್ಕಿಗೆ 6. ಆದಾಯ ತೆರಿಗೆಯವರಿಗೆ ಕಂಪ್ಯೂಟರ್, ಸಾಫ್ಟ್‌ವೇರ್ ಎಲ್ಲ ಒಂದೇ ಗುಂಪು, ಶೇ 40 ಸವಕಳಿ. ಲೆಕ್ಕಪತ್ರ ಮಾನಕ 26ರ ಪ್ರಕಾರ ಆಪರೇಟಿಂಗ್ ಸಿಸ್ಟಂ ಯಂತ್ರದ ಭಾಗ. ಯಂತ್ರದಿಂದ ಬೇರ್ಪಡಿಸಬಹುದಾದ ಸಾಫ್ಟ್‌ವೇರ್ ಅಮೂರ್ತ ಆಸ್ತಿ. ಒಂದೇ ಲ್ಯಾಪ್‌ಟಾಪ್ ಮೂರು ಕಡೆ ಮೂರು ಥರ. ಒಂದೇ ಕೆಟಗರಿ ಪಟ್ಟಿ ಇವೆಲ್ಲಕ್ಕೂ ಉತ್ತರ ಕೊಡಲಿ ಎಂದು ಹಟ ಹಿಡಿದ ಕಡೆಯೆಲ್ಲ ಪಟ್ಟಿ ಕೆಟ್ಟಿದೆ.

ಫೈರ್‌ವಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಪೆಟ್ಟಿಗೆ ಬಂದ ದಿನ ‘ನೆಟ್‌ವರ್ಕ್ ಸಾಧನ’ದಡಿ ಟ್ಯಾಗ್ ಬೀಳುತ್ತದೆ. ಅದು ದಾಳಿಗಳನ್ನು ಗುರುತಿಸಬೇಕಾದರೆ ನವೀಕರಿಸುತ್ತಲೇ ಇರಬೇಕಾದ ಚಂದಾ ಬೇರೆ. ಬಿಲ್ಲಿನಲ್ಲಿ ಅದೊಂದು ಸಾಲು. ಹಾರ್ಡ್‌ವೇರ್ ನೋಡುವವರಿಗೆ ಅದು ಸಾಫ್ಟ್‌ವೇರ್, ಸಾಫ್ಟ್‌ವೇರ್ ನೋಡುವವರಿಗೆ ಅದು ಪೆಟ್ಟಿಗೆಯ ಭಾಗ. ಯಾರ ಪಟ್ಟಿಗೂ ಸೇರದ ಚಂದಾ ಸದ್ದಿಲ್ಲದೆ ತೀರುತ್ತದೆ. ಹಸಿರು ದೀಪ ಮಾತ್ರ ಉರಿಯುತ್ತಲೇ ಇರುತ್ತದೆ.

ಆಮೇಲೆ ಬಂದದ್ದು ಟ್ಯಾಗ್ ಅಂಟಿಸಲಾಗದ ಆಸ್ತಿ: ವರ್ಚುವಲ್ ಮಷೀನ್, ಕ್ಲೌಡ್, ತಿಂಗಳ ಬಾಡಿಗೆಯ ಸಾಫ್ಟ್‌ವೇರ್. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ದೋಷ ಬಯಲಾದಾಗ ‘ನಮ್ಮಲ್ಲಿ ಅದು ಎಲ್ಲೆಲ್ಲಿದೆ?’ ಎಂಬ ಪ್ರಶ್ನೆಗೆ ಬಹುತೇಕ ಪಟ್ಟಿಗಳಲ್ಲಿ ಉತ್ತರವಿರಲಿಲ್ಲ. ಅದು ಬಿಡಿಯಾಗಿ ಕೊಂಡ ಸಾಫ್ಟ್‌ವೇರಲ್ಲ, ಬೇರೆ ಸಾಫ್ಟ್‌ವೇರುಗಳ ಒಳಗೆ ಕೂತ ತುಣುಕು. ಸಾಫ್ಟ್‌ವೇರಿನ ಒಳಗಿನ ಭಾಗಗಳ ಪಟ್ಟಿ, ಅಂದರೆ ಎಸ್‌ಬಿಒಎಂ, ಬೇಕೆಂಬ ಕೂಗು ಅದರಿಂದ ಜೋರಾಯಿತು. ನಮ್ಮ ದೇಶದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಕೂಡ 2024ರಲ್ಲಿ ಅದರ ಬಗ್ಗೆ ಮಾರ್ಗಸೂಚಿ ಹೊರಡಿಸಿತು.

ಇಷ್ಟರ ನಡುವೆ ಈ ಕ್ಷೇತ್ರ ಓದದೆ ಬಿಟ್ಟ ಒಬ್ಬರಿದ್ದಾರೆ, ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್. ಒಂದು ವಿಷಯವನ್ನು ಒಂದೇ ಮರದ ಒಂದೇ ಕೊಂಬೆಗೆ ನೇತುಹಾಕುವ ಬದಲು ಹಲವು ಮುಖಗಳಿಂದ ಗುರುತಿಸುವ ಕ್ರಮವನ್ನು ಅವರು 1933ರ ಕೋಲನ್ ವರ್ಗೀಕರಣದಲ್ಲಿ ಕಟ್ಟಿಕೊಟ್ಟರು. 1962ರಲ್ಲಿ ಅವರು ಡಿಆರ್‌ಟಿಸಿ ಎಂಬ ದಾಖಲೀಕರಣ ತರಬೇತಿ ಕೇಂದ್ರ ಕಟ್ಟಿದ್ದು ಬೆಂಗಳೂರಿನಲ್ಲೇ. ಅದನ್ನು ಗಣಕ ಆಸ್ತಿಗೆ ಹೊಂದಿಸಿದರೆ ವಸ್ತುವಿನ ಬಗೆ ಒಂದು ಮುಖ, ಲೆಕ್ಕಪತ್ರದ ಗುಂಪು ಇನ್ನೊಂದು, ಹೊಣೆಗಾರ, ಜಾಗ, ಅವಧಿ ಮತ್ತೊಂದೊಂದು. ಫೈರ್‌ವಾಲಿನ ಚಂದಾಕ್ಕೆ ಅವಧಿಯ ಮುಖವೊಂದಿದ್ದಿದ್ದರೆ ಯಾವ ಕೆಟಗರಿಯಲ್ಲಿದ್ದರೂ ಅದು ಕಣ್ಣಿಗೆ ಬೀಳುತ್ತಿತ್ತು. ಗ್ರಂಥಾಲಯದವರಿಗೆ ಇದು ಹಳೆಯ ಪಾಠ. ಆದರೆ ಅದೇ ಬೆಂಗಳೂರಿನ ಐಟಿ ಕಂಪನಿಗಳು ಹೊರದೇಶದ ಸಲಹೆಗಾರರಿಂದ ಕೆಟಗರಿ ಮರಗಳನ್ನು ಕೊಂಡು ತಂದವು.

ಇನ್ನೂ ಆಗದ ಕೆಲಸ ಬೇಕಾದಷ್ಟಿದೆ. ಸರ್ಕಾರಿ ಶಾಲೆ, ಗ್ರಾಮ ಪಂಚಾಯಿತಿಗಳ ಕಂಪ್ಯೂಟರುಗಳಿಗೆ ಹೊಂದುವ, ಕನ್ನಡದಲ್ಲಿರುವ ಒಂದು ಸಣ್ಣ ವರ್ಗಪಟ್ಟಿ ಬೇಕು. 2022ರ ಇ-ತ್ಯಾಜ್ಯ ನಿಯಮಗಳ ಪಟ್ಟಿಗೂ ಆಸ್ತಿ ಪಟ್ಟಿಗೂ ಖರೀದಿಯ ದಿನವೇ ಕೊಂಡಿ ಬೀಳಬೇಕು. ಗುಜರಿಗೆ ಹಾಕುವ ದಿನ ಹುಡುಕಿದರೆ ಸಿಗುವುದಿಲ್ಲ. ಹೊಸ ಟೂಲಿಗೆ ಸಹಿ ಹಾಕುವ ಮುನ್ನ ಈಗಿನ ಪಟ್ಟಿಯಲ್ಲಿ ‘ಇತರೆ’ ಎಂಬ ಕೆಟಗರಿಯನ್ನು ತೆರೆದು ಎಷ್ಟು ಸಾಲುಗಳಿವೆ ಎಂದು ಎಣಿಸಿ. ಅಷ್ಟೂ ಸಾಲುಗಳಿಗೆ ಒಬ್ಬೊಬ್ಬ ಹೊಣೆಗಾರನನ್ನು ಗುರುತಿಸಿ ಆದ ಮೇಲೆ ಮಾರಾಟಗಾರರನ್ನು ಒಳಗೆ ಕರೆಯಿರಿ.