ಫಾಸ್ಟರ್ ನಾಯಿ: ತರಬೇತಿ ಮತ್ತು ಒಗ್ಗಿಸುವಿಕೆ

ದತ್ತು ಪಡೆಯುವವರು ಸಿಗುವವರೆಗೆ ಆಶ್ರಯಧಾಮದ ಬದಲು ಮನೆಯೊಂದರಲ್ಲಿ ಇರಿಸಿಕೊಂಡು ಸಾಕುವ ನಾಯಿಗೆ ಫಾಸ್ಟರ್ ನಾಯಿ ಎನ್ನುವುದು ರೂಢಿ. ನಾಯಿ ತುಂಬ ಚುರುಕಿನದಾದರೆ ಮೊದಲು ಕಲಿಸಬೇಕಾದದ್ದು ಕೂರುವುದನ್ನೋ ಕೈ ಕೊಡುವುದನ್ನೋ ಅಲ್ಲ, ಜನರ ಪಕ್ಕದಲ್ಲಿ ಸುಮ್ಮನೆ ಮಲಗುವುದನ್ನು. ಅಮೆರಿಕದ ಪ್ರೊಟೊಪೊಪೊವಾ ಮತ್ತು ವಿನ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಆಧಾರ. ನೋಡಲು ಬಂದವರ ಮುಂದೆ ಆಶ್ರಯಧಾಮದ ನಾಯಿಗಳು ನಡೆದುಕೊಂಡ ರೀತಿಯನ್ನು ದಾಖಲಿಸಿದಾಗ, ದತ್ತು ಹೋಗುವುದಕ್ಕೂ ಎರಡೇ ವರ್ತನೆಗಳಿಗೂ ನಂಟು ಕಂಡಿತು: ಹತ್ತಿರ ಬಂದು ಮಲಗುವುದು, ಆಟಕ್ಕೆ ಕರೆದರೆ ಬರುವುದು. ನಂಟು ಕಂಡ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು ಎಂಬ ಆಕ್ಷೇಪ ಸರಿಯೇ. ಆದರೆ ಈ ಎರಡು ವರ್ತನೆಗಳು ಕಾಣಿಸಿಕೊಳ್ಳುವಂತೆ ಭೇಟಿಯನ್ನು ರೂಪಿಸಿದ 2016ರ ಪ್ರಯೋಗದಲ್ಲಿ ದತ್ತು ಹೋಗುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟಾಯಿತು.

ಚೆನ್ನಾಗಿ ಓಡಿಸಿ ದಣಿಸಿದರೆ ತಾನೇ ಮಲಗುತ್ತದೆ ಎಂಬ ವಾದವುಂಟು. ವ್ಯಾಯಾಮ ಬೇಕೇ ಬೇಕು, ಆದರೆ ದಣಿವು ಕಲಿಕೆಯಲ್ಲ. ದಣಿವಾರಿದೊಡನೆ ಹಳೆಯ ಚಡಪಡಿಕೆ ಮರಳುತ್ತದೆ. ಮಲಗುವುದನ್ನು ಕಲಿಸಲು ನೆಲದ ಮೇಲೊಂದು ಚಾಪೆ ಹಾಸಿ, ನಾಯಿ ಅದರ ಮೇಲೆ ಕಾಲಿಟ್ಟ ಕೂಡಲೇ ಮುಂಗಾಲುಗಳ ನಡುವೆ ತಿನಿಸಿನ ಚೂರು ಇಡಬೇಕು. ಮುಂದೆ ಮೊಣಕೈ ನೆಲ ಮುಟ್ಟಿದಾಗ, ಆಮೇಲೆ ಸೊಂಟ ಒಂದು ಬದಿಗೆ ವಾಲಿದಾಗ ಮಾತ್ರ. ಕೈಯಿಂದ ಬಾಯಿಗೆ ಕೊಟ್ಟರೆ ನಾಯಿ ಎದ್ದು ಬರುತ್ತದೆ, ಆದ್ದರಿಂದ ತಿನಿಸು ಚಾಪೆಯ ಮೇಲೆಯೇ ಬೀಳಬೇಕು. ಮೈಮೇಲೆ ಹಾರುವ ನಾಯಿಗೆ ನಾಲ್ಕೂ ಕಾಲು ನೆಲದಲ್ಲಿದ್ದಾಗಲಷ್ಟೇ ಮಾತು, ಮುದ್ದು. ಗದರಿಕೆ, ಹೊಡೆತ ಬೇಡ: ಹೈಬಿ ಮತ್ತು ಸಂಗಡಿಗರ 2004ರ ಸಮೀಕ್ಷೆಯಲ್ಲಿ ದಂಡನೆಯ ಬಳಕೆ ಹೆಚ್ಚಿದ್ದೆಡೆ ವರ್ತನೆಯ ತೊಡಕುಗಳೂ ಹೆಚ್ಚಿದ್ದವು.

ಒಗ್ಗಿಸುವಿಕೆಯ ಚರ್ಚೆಯೆಲ್ಲ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಿಂದ ಶುರುವಾಗುತ್ತದೆ. ಅಲ್ಲಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ನಡೆಸಿದ ಪ್ರಯೋಗ 1961ರಲ್ಲಿ ಪ್ರಕಟವಾಯಿತು. ಬೇರೆಬೇರೆ ವಯಸ್ಸಿನಲ್ಲಿ ಮರಿಗಳಿಗೆ ಒಂದೊಂದು ವಾರ ಮನುಷ್ಯರ ಒಡನಾಟ ಕೊಟ್ಟು ನೋಡಿದಾಗ, 14 ವಾರದವರೆಗೂ ಆ ಒಡನಾಟವೇ ಇಲ್ಲದ ಮರಿಗಳು ಜನರನ್ನು ಕಂಡರೆ ಬೆದರುತ್ತಲೇ ಉಳಿದವು. ಸ್ಕಾಟ್ ಮತ್ತು ಫುಲ್ಲರ್ ತಮ್ಮ 1965ರ ಗ್ರಂಥದಲ್ಲಿ ಮರಿಗಳು ಸುಲಭವಾಗಿ ಒಗ್ಗುವ ಅವಧಿಯನ್ನು ಸರಿಸುಮಾರು 3ರಿಂದ 12 ವಾರ ಎಂದರು. ಇದನ್ನೇ ಹಿಡಿದು ದೊಡ್ಡ ನಾಯಿಯನ್ನು ಒಗ್ಗಿಸುವುದು ವ್ಯರ್ಥ ಎನ್ನುವುದು ತಪ್ಪು ಓದು. ಆ ಮರಿಗಳು ಮನುಷ್ಯರನ್ನೇ ಕಾಣದೆ ಬೆಳೆದವು. ಬೆಂಗಳೂರಿನ ಬೀದಿಯಲ್ಲಿ ಹುಟ್ಟಿದ ನಾಯಿ ಜನರನ್ನೂ ವಾಹನಗಳನ್ನೂ ಬಲ್ಲದು. ಅದಕ್ಕೆ ಹೊಸದು ಲಿಫ್ಟು, ಮಿಕ್ಸಿಯ ಸದ್ದು, ಕೊರಳಿನ ಪಟ್ಟಿ. ಇವನ್ನು ನಾಯಿ ಬೆದರದಷ್ಟು ದೂರದಲ್ಲಿಟ್ಟು, ಪ್ರತಿಸಲವೂ ತಿನಿಸಿನ ಜೊತೆಗೂಡಿಸಿ, ಅಂತರವನ್ನು ನಿಧಾನವಾಗಿ ತಗ್ಗಿಸಬೇಕು. ಹಠಾತ್ತನೆ ಜನಜಂಗುಳಿಗೆ ಒಯ್ದರೆ ಭಯವೇ ಬಲಿಯುತ್ತದೆ.

ಹಚ್ಚಿಕೊಂಡ ಮನೆಯಿಂದ ಮತ್ತೆ ಕಳಿಸುವುದು ಕ್ರೌರ್ಯವಲ್ಲವೇ ಎಂಬ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಗಂಟರ್ ಮತ್ತು ಸಂಗಡಿಗರ 2019ರ ಅಧ್ಯಯನದಲ್ಲಿ ಒಂದೆರಡು ರಾತ್ರಿ ಮನೆಯಲ್ಲಿದ್ದ ಆಶ್ರಯಧಾಮದ ನಾಯಿಗಳ ಮೂತ್ರದಲ್ಲಿ ಒತ್ತಡದ ಹಾರ್ಮೋನು ಕಾರ್ಟಿಸೋಲ್ ಇಳಿಯಿತು; ಮರಳಿದ ಮೇಲೆ ಮೊದಲಿನ ಮಟ್ಟಕ್ಕೆ ಬಂದಿತೇ ಹೊರತು ಅದನ್ನು ಮೀರಲಿಲ್ಲ. ತಿಂಗಳುಗಟ್ಟಲೆಯ ವಾಸಕ್ಕೆ ಈ ಫಲಿತಾಂಶವನ್ನು ಹಾಗೆಯೇ ಅನ್ವಯಿಸಬಾರದು. ಅಂಥ ನಾಯಿಯ ವಿಷಯದಲ್ಲಿ ಹೊಸ ಮನೆಯವರು ಮುಂಚಿತವಾಗಿ ಕೆಲವು ಸಲ ಬಂದು, ತಾವೇ ತಿನಿಸಿ, ತಾವೇ ನಡೆದಾಡಿಸಿ ಕರೆದೊಯ್ಯುವುದು ಹೆಚ್ಚು ಕ್ಷೇಮ.