ಹದಿಮೂರನೆಯ ಆಟಗಾರ: ಎನ್‌ಬಿಎ ಆಲ್‌ಸ್ಟಾರ್ ಆಯ್ಕೆಗಳಲ್ಲಿ ಅರ್ಹತೆಯ ಪ್ರಶ್ನೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ ಪ್ರತಿ ಋತುವಿನ ನಡುವೆ ಆಲ್‌ಸ್ಟಾರ್ ಪಂದ್ಯಕ್ಕೆ ಆಟಗಾರರ ಪಟ್ಟಿ ಹೊರಬೀಳುತ್ತದೆ. ‘ಇವನಿಗೆ ಯಾವ ಯೋಗ್ಯತೆಯಿತ್ತು?’ ಎಂಬ ತಕರಾರು ಅದರ ಬೆನ್ನಿಗೇ ಏಳುತ್ತದೆ. ಈ ತಕರಾರಿಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಆಟಗಾರನ ಸರಾಸರಿ ಅಂಕಗಳನ್ನು ಮುಂದಿಟ್ಟುಕೊಂಡು ಕೂರುತ್ತಾರೆ, ಬೇರೆ ಬೇರೆ ದಶಕದವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ‘ಸಾರ್ವಕಾಲಿಕ ಅನರ್ಹರ’ ಪಟ್ಟಿ ಮಾಡುತ್ತಾರೆ, ಕೊನೆಗೆ ತಪ್ಪನ್ನು ಅಭಿಮಾನಿಗಳ ಮತದ ಮೇಲೆ ಹೊರಿಸುತ್ತಾರೆ. ಪೂರ್ವ, ಪಶ್ಚಿಮ ಎಂಬ ಲೀಗ್‌ನ ಎರಡು ವಿಭಾಗಗಳಿಗೆ ಹನ್ನೆರಡು ಹನ್ನೆರಡೇ ಸ್ಥಾನಗಳಿರುವಾಗ ಒಳಗೆ ಬಂದವನನ್ನು ಮಾತ್ರ ತೂಗಿದರೆ ಸಾಲದು. ಅವನಿಂದಾಗಿ ಹೊರಗುಳಿದ ಹದಿಮೂರನೆಯವನು ಯಾರು ಎಂದೂ ಕೇಳಬೇಕು. ಹಾಗೆ ಕೇಳಿದಾಗ ಅತಿ ಹೆಚ್ಚು ಗೇಲಿಗೆ ಗುರಿಯಾದ ಆಯ್ಕೆಗಳಲ್ಲಿ ಹಲವು ಯಾರಿಗೂ ನಷ್ಟ ಮಾಡಿರಲಿಲ್ಲ ಎಂಬುದು ಗೊತ್ತಾಗುತ್ತದೆ. ನಿಜವಾದ ನಷ್ಟ ಬೇರೆ ಕಡೆ, ಅಷ್ಟಾಗಿ ಗದ್ದಲವಾಗದ ಆಯ್ಕೆಗಳಲ್ಲಿ, ಕೆಲವೊಮ್ಮೆ ತಜ್ಞರೇ ಮಾಡಿದ ಆಯ್ಕೆಗಳಲ್ಲಿ ಆಗಿದೆ.

ಮೊದಲ ಆಲ್‌ಸ್ಟಾರ್ ಪಂದ್ಯ ನಡೆದದ್ದು 1951ರ ಮಾರ್ಚ್ 2ರಂದು, ಬಾಸ್ಟನ್ ಗಾರ್ಡನ್‌ನಲ್ಲಿ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಹಣ ಪಡೆದು ಅಂಕಗಳ ಅಂತರವನ್ನು ಬೇಕೆಂದೇ ತಗ್ಗಿಸಿದ ಹಗರಣ ಆಗಷ್ಟೇ ಬಯಲಾಗಿತ್ತು, ಜನರಿಗೆ ಆಟದ ಮೇಲೆಯೇ ನಂಬಿಕೆ ಕುಸಿದಿತ್ತು. ಪ್ರೇಕ್ಷಕರನ್ನು ಮತ್ತೆ ಒಳಗೆ ಕರೆತರಲು ಲೀಗ್‌ನ ಪ್ರಚಾರಾಧಿಕಾರಿ ಹಾಸ್ಕೆಲ್ ಕೋಹೆನ್ ಈ ಯೋಚನೆ ಮುಂದಿಟ್ಟರು. ಬಾಸ್ಟನ್ ಸೆಲ್ಟಿಕ್ಸ್ ತಂಡದ ಒಡೆಯ ವಾಲ್ಟರ್ ಬ್ರೌನ್ ಅದರ ಬೆನ್ನಿಗೆ ನಿಂತರು. ಪೂರ್ವದ ತಂಡ 111–94ರಿಂದ ಗೆದ್ದಿತು, ಹತ್ತು ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಹುಟ್ಟಿನಿಂದಲೇ ಇದು ಪ್ರದರ್ಶನ ಪಂದ್ಯ. ಯಾರ ಪ್ರತಿಭೆ ಎಷ್ಟೆಂದು ಶಾಶ್ವತವಾಗಿ ದಾಖಲಿಸುವ ಉದ್ದೇಶ ಅದಕ್ಕಿರಲಿಲ್ಲ. ಜೊತೆಗೆ ಅಂದಿನ ಲೀಗ್‌ನ ಗಾತ್ರವನ್ನೂ ನೆನಪಿಡಬೇಕು. ಹತ್ತು ತಂಡಗಳಿಂದ ಇಪ್ಪತ್ತು ಮಂದಿಯನ್ನು ಆರಿಸಿದ್ದರು, ಎಂದರೆ ಹೆಚ್ಚುಕಡಿಮೆ ಐದಾರು ಮಂದಿಗೊಬ್ಬ ಆಲ್‌ಸ್ಟಾರ್. ಇಂದು ಮೂವತ್ತು ತಂಡಗಳ ಸುಮಾರು 450 ಆಟಗಾರರಲ್ಲಿ ಸ್ಥಾನ ಇಪ್ಪತ್ತನಾಲ್ಕು ಮಂದಿಗೆ, ಎಂದರೆ ಹದಿನೆಂಟು ಹತ್ತೊಂಬತ್ತು ಮಂದಿಗೊಬ್ಬ. 1950ರ ದಶಕದ ಸಾಧಾರಣ ಆಟಗಾರರ ಬಗ್ಗೆ ಯಾರೂ ಇಂದು ಜಗಳವಾಡುವುದಿಲ್ಲ. ಅಂದಿನ ಆಯ್ಕೆಗಾರರು ಹೆಚ್ಚು ನ್ಯಾಯವಂತರಾಗಿದ್ದರೆಂದಲ್ಲ, ಹೊರಗುಳಿದವರ ಸಾಲು ಆಗ ಚಿಕ್ಕದಿತ್ತು. ಇದನ್ನು ಬಿಟ್ಟು ಎರಡು ಕಾಲಗಳ ಆಯ್ಕೆಗಳನ್ನು ಹೋಲಿಸುವುದು ಲೆಕ್ಕ ತಪ್ಪಿಸಿಕೊಂಡಂತೆಯೇ.

ಅಭಿಮಾನಿಗಳ ಕೈಗೆ ಮತ ಸಿಗುವ ಮೊದಲೇ ‘ಅನರ್ಹ’ರು ಹುಟ್ಟಿಕೊಂಡಿದ್ದರು ಎನ್ನುವುದಕ್ಕೆ 1973ರ ಪಟ್ಟಿಯೇ ಸಾಕ್ಷಿ. ಪ್ರತಿ ತಂಡಕ್ಕೂ ಪ್ರಾತಿನಿಧ್ಯ ಸಿಗಬೇಕೆಂಬ ಕಟ್ಟುಪಾಡು ಆ ವರ್ಷಗಳಲ್ಲಿ ಇತ್ತು. ಆ ಋತುವಿನಲ್ಲಿ ಫಿಲಡೆಲ್ಫಿಯಾ ತಂಡ 82 ಪಂದ್ಯಗಳಲ್ಲಿ ಗೆದ್ದದ್ದು 9, ಸೋತದ್ದು 73. ಆ ತಂಡದಿಂದ ಜಾನ್ ಬ್ಲಾಕ್ ಆಲ್‌ಸ್ಟಾರ್ ಆದರು. ಅದೇ ಋತುವಿನಲ್ಲಿ ತಂಡ ಅವರನ್ನು ಬೇರೆಡೆಗೆ ಸಾಗಹಾಕಿತು. ಪಂದ್ಯಕ್ಕೆ ಸರಾಸರಿ 20 ಅಂಕ ಗಳಿಸಿ ತಂಡದಲ್ಲಿ ಎಲ್ಲರಿಗಿಂತ ಮುಂದಿದ್ದ ಫ್ರೆಡ್ ಕಾರ್ಟರ್‌ಗೆ ಕರೆ ಬರಲಿಲ್ಲ. ಇಲ್ಲಿ ಬ್ಲಾಕ್ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಊರಿಗೊಬ್ಬರಂತೆ ಆರಿಸಿ ಎಂದು ನಿಯಮವೇ ಹೇಳುವಾಗ ಪಟ್ಟಿಯಲ್ಲಿ ಊರಿಗೊಬ್ಬರೇ ಇರುತ್ತಾರೆ.

ಆರಂಭಿಕ ಐವರನ್ನು ಬಿಟ್ಟು ಉಳಿದ ಮೀಸಲು ಆಟಗಾರರನ್ನು ಆರಿಸುವವರು ತರಬೇತುದಾರರು. ತಮ್ಮ ತಂಡದವರಿಗೆ ಅವರು ಮತ ಹಾಕುವಂತಿಲ್ಲ. ಜನಪ್ರಿಯತೆಯ ಮೋಹ ಅವರಿಗಿಲ್ಲ ಎಂಬುದು ಸಾಮಾನ್ಯ ನಂಬಿಕೆ, ಬಹುಮಟ್ಟಿಗೆ ನಿಜ ಕೂಡ. ಆದರೆ ಅವರನ್ನು ಬೇರೊಂದು ಕಟ್ಟು ಹಿಡಿದಿತ್ತು. ದೀರ್ಘಕಾಲ ಪ್ರತಿ ತಂಡದಲ್ಲೂ ಬುಟ್ಟಿಯ ಬಳಿ ಆಡುವ ಸೆಂಟರ್ ಸ್ಥಾನದ ಆಟಗಾರರು ಇರಲೇಬೇಕಾಗಿತ್ತು. 2000ದ ಆಸುಪಾಸಿನಲ್ಲಿ ಪೂರ್ವ ವಿಭಾಗದಲ್ಲಿ ಒಳ್ಳೆಯ ಸೆಂಟರ್‌ಗಳ ಬರಗಾಲವಿತ್ತು. ಇಂಡಿಯಾನಾದ ಡೇಲ್ ಡೇವಿಸ್ ಸುಮಾರು 10 ಅಂಕ, 10 ರೀಬೌಂಡ್‌ಗಳ (ತಪ್ಪಿದ ಎಸೆತದ ಚೆಂಡು ಹಿಡಿದ ಲೆಕ್ಕ) ಸರಾಸರಿಯಲ್ಲೇ 2000ದಲ್ಲಿ ಆಯ್ಕೆಯಾದರು. 2004ರಲ್ಲಿ ನ್ಯೂ ಆರ್ಲಿಯನ್ಸ್‌ನ ಜಮಾಲ್ ಮೆಗ್ಲೋರ್ 13.6 ಅಂಕಗಳ ಋತುವಿನಲ್ಲಿ ಒಳಗೆ ಬಂದರು. ಅದೇ ವಿಭಾಗದಲ್ಲಿ ತಮ್ಮ ಮೊದಲ ಋತುವಿನಲ್ಲೇ 20.9 ಅಂಕಗಳ ಸರಾಸರಿ ಸಾಧಿಸಿದ ಲೆಬ್ರಾನ್ ಜೇಮ್ಸ್ ಹೊರಗುಳಿದರು. ಮೆಗ್ಲೋರ್ ಆ ಪಂದ್ಯದಲ್ಲಿ 19 ಅಂಕ ಗಳಿಸಿ ಪೂರ್ವ ತಂಡದ ಅತಿ ಹೆಚ್ಚು ಅಂಕ ಗಳಿಸಿದವರಾದರು. ಒಂದು ರಾತ್ರಿಯ ಆಟದಿಂದ ಅರ್ಧ ಋತುವಿನ ತೀರ್ಪು ಬದಲಾಗದು ನಿಜ, ಆದರೂ ಅವರ ಹೆಸರೆತ್ತಿ ನಗುವವರು ಇದನ್ನು ಮರೆಯಬಾರದು. 2012–13ರ ಋತುವಿನಿಂದ ಮತಪತ್ರದಲ್ಲಿ ಸೆಂಟರ್ ಎಂಬ ಪ್ರತ್ಯೇಕ ವಿಭಾಗವನ್ನೇ ಲೀಗ್ ತೆಗೆದುಹಾಕಿತು. ದೋಷ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಬೇಕಿಲ್ಲ.

ಆರಂಭಿಕ ಐವರನ್ನು ಅಭಿಮಾನಿಗಳೇ ಆರಿಸುವ ಪದ್ಧತಿ 1975ರ ಪಂದ್ಯದಿಂದ ಶುರುವಾಯಿತು. ಈ ಪದ್ಧತಿಯ ಮೇಲಿನ ದೂರುಗಳಲ್ಲಿ 1990ರ ಪ್ರಕರಣ ಪ್ರಸಿದ್ಧ. ಹಿಂದಿನ ವರ್ಷದ ಆಲ್‌ಸ್ಟಾರ್ ಪಂದ್ಯದ ಶ್ರೇಷ್ಠ ಆಟಗಾರ, ಆ ಋತುವಿನಲ್ಲಿ 31 ಅಂಕಗಳ ಸರಾಸರಿಯಲ್ಲಿದ್ದ ಯೂಟಾದ ಕಾರ್ಲ್ ಮಲೋನ್ ಅವರನ್ನು ಮತಎಣಿಕೆಯಲ್ಲಿ ಲಾಸ್ ಏಂಜಲೀಸ್ ಲೇಕರ್ಸ್‌ನ ಎ.ಸಿ. ಗ್ರೀನ್ ಹಿಂದಿಕ್ಕಿದರು. ಗ್ರೀನ್ ಅವರ ಸರಾಸರಿ 13 ಅಂಕಗಳ ಹತ್ತಿರ. ಸಿಟ್ಟಿಗೆದ್ದ ಮಲೋನ್ ಜನವರಿ 27ರಂದು ಮಿಲ್ವಾಕಿ ವಿರುದ್ಧ 61 ಅಂಕ ಗಳಿಸಿದರು. ಕಥೆ ರೋಚಕವಾಗಿದೆ, ಆದರೆ ಅದರಲ್ಲಿ ಅನ್ಯಾಯಕ್ಕೆ ಒಳಗಾದವರು ಮಲೋನ್ ಎಂಬ ಗ್ರಹಿಕೆ ಸರಿಯಲ್ಲ. ತರಬೇತುದಾರರು ಅವರನ್ನು ಮೀಸಲು ಪಟ್ಟಿಗೆ ಸೇರಿಸಿಕೊಂಡೇ ತೀರುತ್ತಾರೆ, ಸೇರಿಸಿಕೊಂಡರು ಕೂಡ. ಮಲೋನ್ ಕಳೆದುಕೊಂಡದ್ದು ಆರಂಭಿಕನೆಂಬ ಗೌರವ ಮಾತ್ರ. ಪಟ್ಟಿ ಒಂದು ಮೆಟ್ಟಿಲು ಕೆಳಗೆ ಸರಿದಾಗ ಅಂಚಿನಿಂದ ಜಾರುವವನು ಹನ್ನೆರಡನೆಯ ಸ್ಥಾನಕ್ಕೆ ಅರ್ಹನಾಗಿದ್ದವನು. ಅವನ ಹೆಸರು ಪತ್ರಿಕೆಗಳ ತಲೆಬರಹಕ್ಕೆ ಬರುವುದಿಲ್ಲ. (ಆ ವರ್ಷ ಗಾಯದಿಂದ ಮಲೋನ್ ಆಡಲೇ ಇಲ್ಲವೆಂಬುದು ಬೇರೆ ಮಾತು.)

ಇದೇ ಅಳತೆಗೋಲಿನಿಂದ ಅತಿ ಕುಖ್ಯಾತ ಆಯ್ಕೆಗಳನ್ನು ನೋಡೋಣ. ಹ್ಯೂಸ್ಟನ್‌ನ ಯಾವೋ ಮಿಂಗ್ 2010–11ರಲ್ಲಿ ಆಡಿದ್ದು ಕೇವಲ 5 ಪಂದ್ಯ, ಆದರೂ 2011ರ ಆರಂಭಿಕ ಐವರಲ್ಲಿ ಅವರಿಗೆ ಮತ ಬಿತ್ತು. ಕೋಬಿ ಬ್ರಯಾಂಟ್ 2013–14ರಲ್ಲಿ 6 ಪಂದ್ಯವಾಡಿ ಗಾಯಗೊಂಡು ಕೂತರು, ಅವರೂ ಆಯ್ಕೆಯಾದರು. 2010ರಲ್ಲಿ ವೃತ್ತಿಜೀವನದ ಸಂಜೆಯಲ್ಲಿದ್ದ ಅಲೆನ್ ಐವರ್ಸನ್ ಕೂಡ. ಇವು ಮತದಾನದ ಹುಚ್ಚಾಟಕ್ಕೆ ಸದಾ ಕೊಡುವ ಉದಾಹರಣೆಗಳು. ಆದರೆ ಮೂವರೂ ಆಡಲಿಲ್ಲ. ಆಡಲಾಗದವರ ಬದಲಿಗೆ ಲೀಗ್‌ನ ಆಯುಕ್ತರು ಬೇರೊಬ್ಬರನ್ನು ಹೆಸರಿಸುತ್ತಾರೆ. ಯಾವೋ ಬದಲಿಗೆ ಕೆವಿನ್ ಲವ್, ಬ್ರಯಾಂಟ್ ಬದಲಿಗೆ ಆಂಥನಿ ಡೇವಿಸ್, ಐವರ್ಸನ್ ಬದಲಿಗೆ ಡೇವಿಡ್ ಲೀ ಬಂದರು. ಹದಿಮೂರನೆಯವನು ಒಳಗೇ ಬಂದ. ಇದಕ್ಕೆ ವ್ಯತಿರಿಕ್ತವಾಗಿ 2016 ನೋಡಿ. ಬ್ರಯಾಂಟ್ ಅವರ ವಿದಾಯದ ಋತು, ಸರಾಸರಿ 17.6 ಅಂಕ, ಹಾಕಿದ ಎಸೆತಗಳಲ್ಲಿ ಬುಟ್ಟಿಗೆ ಬಿದ್ದದ್ದು ಶೇಕಡಾ 36ಕ್ಕಿಂತ ಕಡಿಮೆ. ಮತಗಳಲ್ಲಿ ಮಾತ್ರ ಅವರೇ ಎಲ್ಲರಿಗಿಂತ ಮುಂದೆ, ಮತ್ತು ಈ ಸಲ ಅವರು ಆಡಿದರು. ಅದೇ ಪಶ್ಚಿಮ ವಿಭಾಗದಲ್ಲಿ 25 ಅಂಕಗಳ ಸರಾಸರಿಯಿದ್ದ ಪೋರ್ಟ್‌ಲ್ಯಾಂಡ್‌ನ ಡೇಮಿಯನ್ ಲಿಲರ್ಡ್ ಹೊರಗುಳಿದರು. ಆಲ್‌ಸ್ಟಾರ್ ಬಿಡುವು ಮುಗಿದದ್ದೇ ತಡ ಅವರು ಗೋಲ್ಡನ್ ಸ್ಟೇಟ್ ವಿರುದ್ಧ 51 ಅಂಕ ಗಳಿಸಿದರು. ಹಾಗಿದ್ದೂ 2016ನ್ನು ಜನ ಭಾವಪೂರ್ಣ ಬೀಳ್ಕೊಡುಗೆಯೆಂದು ನೆನೆಯುತ್ತಾರೆ, 2011ನ್ನು ಪ್ರಮಾದವೆಂದು. ನನ್ನ ಲೆಕ್ಕದಲ್ಲಿ ಇದು ತಲೆಕೆಳಗಾದ ತೀರ್ಪು.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಪಂದ್ಯ ಇರುವುದೇ ನೋಡುವವರಿಗಾಗಿ, ಅವರಿಗೆ ಬೇಕಾದವರು ಆಡಿದರೆ ಅನರ್ಹತೆಯ ಮಾತೇಕೆ? ಎಚ್‌ಐವಿ ಸೋಂಕಿನ ಕಾರಣ ನಿವೃತ್ತಿ ಘೋಷಿಸಿದ್ದ ಮ್ಯಾಜಿಕ್ ಜಾನ್ಸನ್ 1992ರಲ್ಲಿ, ಆ ಋತುವಿನಲ್ಲಿ ಒಂದೂ ಪಂದ್ಯವಾಡದೆ, ಅಭಿಮಾನಿಗಳ ಮತದಿಂದ ಆರ್ಲಾಂಡೊದಲ್ಲಿ ಕಣಕ್ಕಿಳಿದರು. 25 ಅಂಕ ಗಳಿಸಿ ಪಂದ್ಯಶ್ರೇಷ್ಠರಾದರು. ಅವರು ಆಡಬಾರದೆಂದ ಹಳೆಯ ಸಂಗಾತಿಗಳಲ್ಲಿ, ಎರಡು ವರ್ಷಗಳ ಹಿಂದೆ ಮತದ ಬಲದಿಂದಲೇ ಒಳಬಂದಿದ್ದ ಎ.ಸಿ. ಗ್ರೀನ್ ಅವರೂ ಇದ್ದರು! ಸೋಂಕಿನ ಬಗ್ಗೆ ಜನರಲ್ಲಿದ್ದ ಭಯವನ್ನು ಆ ಒಂದು ಸಂಜೆ ತಗ್ಗಿಸಿದ್ದನ್ನು ಯಾವ ಅಂಕಿಅಂಶವೂ ಅಳೆಯಲಾರದು. ಪ್ರದರ್ಶನವೆಂದು ನೋಡಿದರೆ ಆಕ್ಷೇಪ ಸರಿ. ಆದರೆ ಲೀಗ್ ಆಲ್‌ಸ್ಟಾರ್ ಸ್ಥಾನವನ್ನು ಪ್ರದರ್ಶನವಾಗಿಯೇ ಉಳಿಸಿಕೊಳ್ಳಲಿಲ್ಲ. ‘ಏಳು ಬಾರಿಯ ಆಲ್‌ಸ್ಟಾರ್’ ಎಂಬುದು ಆಟಗಾರನ ಹೆಸರಿನ ಹಿಂದಿನ ಬಿರುದಾಯಿತು. 2011ರ ವೇತನ ಒಪ್ಪಂದವಂತೂ, ಅಭಿಮಾನಿಗಳ ಮತದಿಂದ ಎರಡು ಬಾರಿ ಆರಂಭಿಕನಾದ ಯುವ ಆಟಗಾರನಿಗೆ ಗರಿಷ್ಠ ಸಂಬಳದ ಮಿತಿಯನ್ನೇ ಏರಿಸಿತು. ತಮಾಷೆಗೆ ಹಾಕಿದ ಮತ ತಂಡವೊಂದರ ಖಜಾನೆಯನ್ನು ಮುಟ್ಟುವಂತಾದ ಮೇಲೆ ‘ಇದು ಬರೀ ಆಟ’ ಎನ್ನುವ ಸಮಾಧಾನ ನಿಲ್ಲುವುದಿಲ್ಲ. 2017ರ ಒಪ್ಪಂದದಲ್ಲಿ ಆ ಮಾನದಂಡವನ್ನು ಕೈಬಿಟ್ಟರು.

ಕೈಬಿಡಲು ಹಿನ್ನೆಲೆಯೂ ಇತ್ತು. ಮತದಾನ ಅಂತರ್ಜಾಲಕ್ಕೆ ಬಂದು ಜಗತ್ತಿಗೆಲ್ಲ ತೆರೆದುಕೊಂಡಿತ್ತು. ಚೀನೀ ಭಾಷೆಯ ಮತಪತ್ರ ಬಂದ 2003ರಲ್ಲೇ ಹೊಸಬ ಯಾವೋ ಮಿಂಗ್ ಬಲಾಢ್ಯ ಶಕೀಲ್ ಓನೀಲ್ ಅವರನ್ನು ಹಿಂದಿಕ್ಕಿದ್ದರು. 2016ರಲ್ಲಿ ಜಾರ್ಜಿಯಾ ದೇಶದ ಜನರ ಉತ್ಸಾಹದಿಂದ ಡಲ್ಲಾಸ್‌ನ ಝಾಝಾ ಪಚೂಲಿಯಾ ಸುಮಾರು 14 ಸಾವಿರ ಮತಗಳ ಅಂತರದಲ್ಲಿ ಮಾತ್ರ ಕಾವೈ ಲೆನರ್ಡ್‌ಗೆ ಸೋತರು. ಮರುವರ್ಷವೇ ಅಭಿಮಾನಿಗಳ ಮತದ ತೂಕ ಅರ್ಧಕ್ಕಿಳಿಯಿತು, ಉಳಿದರ್ಧವನ್ನು ಆಟಗಾರರಿಗೂ ಪತ್ರಕರ್ತರಿಗೂ ಸಮನಾಗಿ ಹಂಚಿದರು. ಹಾಗೆ ಮಾಡಿಯೂ ಚರ್ಚೆ ನಿಲ್ಲಲಿಲ್ಲ. ಥಾಯ್ಲೆಂಡ್ ಮೂಲದ ಕೆ-ಪಾಪ್ ಗಾಯಕ ಬ್ಯಾಮ್‌ಬ್ಯಾಮ್ ತಮ್ಮ ಹಿಂಬಾಲಕರಿಗೆ ಕರೆ ಕೊಟ್ಟ ಬಳಿಕ ಗೋಲ್ಡನ್ ಸ್ಟೇಟ್‌ನ ಆ್ಯಂಡ್ರೂ ವಿಗಿನ್ಸ್ 2022ರಲ್ಲಿ ಆರಂಭಿಕರಾದರು. ಕೆಲವೇ ತಿಂಗಳಲ್ಲಿ ಅದೇ ವಿಗಿನ್ಸ್ ತಮ್ಮ ತಂಡದ ಪ್ರಶಸ್ತಿ ಗೆಲುವಿನ ಆಧಾರಸ್ತಂಭಗಳಲ್ಲಿ ಒಬ್ಬರಾದ್ದರಿಂದ ‘ಆಯ್ಕೆ ಸರಿಯೇ ಇತ್ತು’ ಎನ್ನುವವರಿದ್ದಾರೆ. ಈ ವಾದ ಒಪ್ಪತಕ್ಕದ್ದಲ್ಲ. ಫೆಬ್ರವರಿಯ ಆಯ್ಕೆಗೆ ಜೂನ್ ತಿಂಗಳ ಆಟವನ್ನು ಸಾಕ್ಷಿಗೆ ಕರೆಯುವುದಾದರೆ, ನಂತರ ಕುಸಿದವರ ಆಯ್ಕೆಯನ್ನೂ ರದ್ದು ಮಾಡಬೇಕಾಗುತ್ತದೆ. ಆಯ್ಕೆಗಾರರ ಕಣ್ಣೆದುರು ಇದ್ದದ್ದು ಆ ಅರ್ಧ ಋತು ಮಾತ್ರ.

ಅಂಕಿಅಂಶಗಳಿಂದ ಅನರ್ಹರನ್ನು ಪತ್ತೆಹಚ್ಚುವವರಿಗೂ ಇದೇ ಎಚ್ಚರಿಕೆ ಬೇಕು. ಎದುರಾಳಿಯ ಎಸೆತ ತಡೆಯುವ ಬ್ಲಾಕ್ ಮತ್ತು ಚೆಂಡು ಕಸಿಯುವ ಸ್ಟೀಲ್‌ಗಳನ್ನು ಎನ್‌ಬಿಎ ಅಧಿಕೃತವಾಗಿ ಎಣಿಸತೊಡಗಿದ್ದೇ 1973–74ರಲ್ಲಿ, ಮೂರು ಅಂಕಗಳ ಗೆರೆ ಬಂದದ್ದು 1979–80ರಲ್ಲಿ. ಅದಕ್ಕೂ ಮುಂಚಿನ ರಕ್ಷಣಾ ಆಟಗಾರರ ಮೌಲ್ಯ ನಮ್ಮ ಕೋಷ್ಟಕಗಳಲ್ಲಿ ಅರ್ಧಕ್ಕರ್ಧ ಕಾಣುವುದೇ ಇಲ್ಲ. ಎಣಿಕೆ ಶುರುವಾದ ಮೇಲೂ ಅಂಕಗಳ ಸರಾಸರಿಯೇ ಕಣ್ಣು ಕುಕ್ಕುತ್ತದೆ. ಡಲ್ಲಾಸ್‌ನ ಎತ್ತರದ ಸೆಂಟರ್ ಜೇಮ್ಸ್ ಡೊನಾಲ್ಡ್‌ಸನ್ 1988ರಲ್ಲಿ ಬದಲಿ ಆಟಗಾರನಾಗಿ ಬಂದಾಗ ಅವರ ಸರಾಸರಿ 7 ಅಂಕಗಳಷ್ಟೇ, ರೀಬೌಂಡ್ ಒಂಬತ್ತಕ್ಕೂ ಹೆಚ್ಚು. 2015ರಲ್ಲಿ ಅಟ್ಲಾಂಟಾದ ಕೈಲ್ ಕೋರ್ವರ್ ಸುಮಾರು 12 ಅಂಕಗಳ ಸರಾಸರಿಯಲ್ಲಿ ಬದಲಿಯಾಗಿ ಬಂದು ಆ ತಂಡದ ನಾಲ್ಕನೆಯ ಆಲ್‌ಸ್ಟಾರ್ ಎನಿಸಿದರು. ಆ ಜನವರಿಯಲ್ಲಿ ಅಟ್ಲಾಂಟಾ ಆಡಿದ ಹದಿನೇಳೂ ಪಂದ್ಯಗಳನ್ನು ಗೆದ್ದಿತ್ತು. ಕೋರ್ವರ್ ಚೆಂಡು ಮುಟ್ಟದೆ ಓಡಾಡಿದರೂ ಎದುರಾಳಿ ರಕ್ಷಕರು ಅವರ ಬೆನ್ನು ಹತ್ತಿ ಹೋಗುತ್ತಿದ್ದುದರಿಂದ ಉಳಿದವರಿಗೆ ದಾರಿ ತೆರೆಯುತ್ತಿತ್ತು. ಇಂಥ ಕೊಡುಗೆಯನ್ನು ತರಬೇತುದಾರ ಅರಿಯಬಲ್ಲ, ಕೋಷ್ಟಕ ಅರಿಯದು. ಆದರೂ ಗೆದ್ದ ತಂಡಕ್ಕೆ ಬಹುಮಾನವೆಂಬಂತೆ ನಾಲ್ಕನೆಯ ಸ್ಥಾನ ಕೊಡುವುದು, ಸೋತ ತಂಡಕ್ಕೆ ಕರುಣೆಯಿಂದ ಒಂದು ಸ್ಥಾನ ಕೊಟ್ಟ 1973ರ ನಿಯಮದ ಇನ್ನೊಂದು ಮುಖವೇ. ಎರಡರಲ್ಲೂ ತಂಡದ ಫಲಿತಾಂಶ ವ್ಯಕ್ತಿಯ ಹೆಸರಿಗೆ ಜಮೆಯಾಗುತ್ತದೆ.

ಹಾಗಾದರೆ ಜನಪ್ರೀತಿಗೂ ಅರ್ಹತೆಗೂ ಜಗಳ ತಪ್ಪದೇ? 2019ರಲ್ಲಿ ಶಾರ್ಲೆಟ್‌ನ ಪಂದ್ಯಕ್ಕೆ ಆಯುಕ್ತ ಆ್ಯಡಂ ಸಿಲ್ವರ್ ಒಂದು ದಾರಿ ತೋರಿಸಿದರು. ನಿವೃತ್ತಿಯ ಹೊಸ್ತಿಲಲ್ಲಿದ್ದ ಡರ್ಕ್ ನೊವಿಟ್ಸ್‌ಕಿ ಮತ್ತು ಡ್ವೇನ್ ವೇಡ್ ಅವರನ್ನು ತಂಡಕ್ಕೊಬ್ಬರಂತೆ ಹನ್ನೆರಡರ ಪಟ್ಟಿಗೆ ಹೊರತಾಗಿ ಸೇರಿಸಿದರು. ಇಬ್ಬರೂ ಆ ಋತುವಿನ ಆಟದ ಬಲದಿಂದ ಬಂದವರಲ್ಲ, ಅದನ್ನು ಯಾರೂ ಮುಚ್ಚಿಡಲೂ ಇಲ್ಲ. ಅವರಿಗಾಗಿ ಯಾರೂ ಜಾಗ ತೆರವು ಮಾಡಬೇಕಾಗಿ ಬರಲಿಲ್ಲವಾದ್ದರಿಂದ ಅವರ ಅರ್ಹತೆಯನ್ನು ಪ್ರಶ್ನಿಸುವ ಕಾರಣವೇ ಉಳಿಯಲಿಲ್ಲ.